ಹನ್ನೆರಡು ಮಕ್ಕಳ ತರಗತಿ, ಹದಿನೇಳು ಪಾಯಿಂಟ್ ಕುಸಿತ: ಅಮೆರಿಕದ ಹಳ್ಳಿ ಶಾಲೆಯ ಫಲಿತಾಂಶ ಓದುವುದು ಹೇಗೆ?

ಅಮೆರಿಕದಲ್ಲಿ ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ಇನ್ನೊಂದು ಸುದ್ದಿಯೂ ಬರುತ್ತದೆ. ಮಕ್ಕಳು ಹಿಂದಿನ ತರಗತಿಯ ಕೊನೆಯಲ್ಲಿ ಬರೆದ ರಾಜ್ಯ ಪರೀಕ್ಷೆಗಳ ಫಲಿತಾಂಶವನ್ನು ಒಂದೊಂದೇ ರಾಜ್ಯ ಹೊರಗೆ ಬಿಡುತ್ತದೆ. ದೊಡ್ಡ ಊರುಗಳಲ್ಲಿ ಅದೊಂದು ದಿನದ ಸುದ್ದಿ. ಚಿಕ್ಕ ಊರಲ್ಲಿ ಹಾಗಲ್ಲ.

ಒಂದು ಊರನ್ನು ಸುಮ್ನೆ ಕಲ್ಪಿಸಿಕೊಳ್ಳಿ. ಸುತ್ತ ಮುಸುಕಿನ ಜೋಳದ ಹೊಲಗಳು, ಒಂದು ಪೆಟ್ರೋಲ್ ಬಂಕ್, ಎರಡು ಚರ್ಚು, ಒಂದೇ ಶಾಲೆ. ಸ್ಥಳೀಯ ವಾರಪತ್ರಿಕೆಯ ಮುಖಪುಟದಲ್ಲಿ ಬರುತ್ತದೆ: ‘ಮೂರನೇ ತರಗತಿ ಗಣಿತದಲ್ಲಿ 17 ಪಾಯಿಂಟ್ ಕುಸಿತ’. ಹೋದ ವರ್ಷ ಶೇಕಡಾ 67 ಮಕ್ಕಳು ನಿಗದಿತ ಮಟ್ಟ ಮುಟ್ಟಿದ್ದರು, ಈ ವರ್ಷ ಶೇಕಡಾ 50 ಮಾತ್ರ. ಪೋಷಕರಿಗೆ ಗಾಬರಿ. ಕೆಲಸ ಸಿಕ್ಕಿ ಹೊಸದಾಗಿ ಆ ಊರಿಗೆ ಬರಬೇಕೆಂದಿದ್ದವರು ಮನೆ ಹುಡುಕುವುದನ್ನೇ ನಿಲ್ಲಿಸುತ್ತಾರೆ. ಟೀಚರಮ್ಮ ಅಂಗಡಿಗೆ ಹೋದರೆ ಜನ ಒಂಥರಾ ನೋಡುತ್ತಾರೆ.

ಸುದ್ದಿಯಲ್ಲಿ ಇಲ್ಲದ ಒಂದು ಸಂಖ್ಯೆ ಇದೆ. ಆ ತರಗತಿಯಲ್ಲಿ ಇದ್ದದ್ದು 12 ಮಕ್ಕಳು. ಹೋದ ವರ್ಷ ಎಂಟು ಮಕ್ಕಳು ಮಟ್ಟ ಮುಟ್ಟಿದ್ದರು, ಈ ವರ್ಷ ಆರು. 17 ಪಾಯಿಂಟ್ ಅಂದರೆ ಇಬ್ಬರು ಮಕ್ಕಳು.

ಊರು ಕಲ್ಪನೆಯದು, ಆದರೆ ಇಂಥ ಲೆಕ್ಕ ಅಮೆರಿಕದ ಎಷ್ಟೋ ಹಳ್ಳಿಗಳಲ್ಲಿ ಪ್ರತಿ ವರ್ಷ ನಡೆಯುವಂಥದ್ದು. ಈ ಸಂಖ್ಯೆ ಎಲ್ಲಿಂದ ಬಂತು, ಅದಕ್ಕೆ ಎಷ್ಟು ಬೆಲೆ ಕೊಡಬೇಕು ಅನ್ನುವುದನ್ನು ಬುಡದಿಂದ ನೋಡೋಣ.

ಇಲ್ಲಿ ‘ಡಿಸ್ಟ್ರಿಕ್ಟ್’ ಅಂದರೆ ಜಿಲ್ಲೆ ಅಲ್ಲ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಅಮೆರಿಕದ ‘ಸ್ಕೂಲ್ ಡಿಸ್ಟ್ರಿಕ್ಟ್’ ನಮಗೆ ಗೊತ್ತಿರುವ ಜಿಲ್ಲೆಯಂಥದ್ದಲ್ಲ. ಅದು ಶಾಲೆಗಳನ್ನು ನಡೆಸುವುದಕ್ಕೆಂದೇ ಇರುವ ಸ್ಥಳೀಯ ಸಂಸ್ಥೆ. ಅದಕ್ಕೆ ತನ್ನದೇ ಗಡಿ, ತನ್ನದೇ ಬಜೆಟ್. ಸಾಮಾನ್ಯವಾಗಿ ಊರಿನವರು ವೋಟು ಹಾಕಿ ಆರಿಸಿದ ಸ್ಕೂಲ್ ಬೋರ್ಡ್ ಇರುತ್ತದೆ. ಆ ಬೋರ್ಡ್ ನೇಮಿಸಿಕೊಂಡ ಸೂಪರಿಂಟೆಂಡೆಂಟ್ ಆಡಳಿತ ನೋಡಿಕೊಳ್ಳುತ್ತಾರೆ. ಹೆಚ್ಚಿನ ಕಡೆ ಖರ್ಚಿನ ದೊಡ್ಡ ಪಾಲು ಅಲ್ಲಿಯ ಮನೆ, ಜಮೀನುಗಳ ಮೇಲಿನ ತೆರಿಗೆಯಿಂದ ಬರುತ್ತದೆ. ಹಾಗಾಗಿ ಶಾಲೆಯ ಫಲಿತಾಂಶ ಊರಿನವರ ಜೇಬಿನ ವಿಷಯವೂ ಹೌದು.

ಇಂಥ ಡಿಸ್ಟ್ರಿಕ್ಟ್‌ಗಳು ದೇಶದಲ್ಲಿ 13,000ಕ್ಕೂ ಹೆಚ್ಚು ಇವೆ. ಗಾತ್ರದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ. ಹವಾಯಿ ರಾಜ್ಯಕ್ಕೆಲ್ಲ ಸೇರಿ ಒಂದೇ ಡಿಸ್ಟ್ರಿಕ್ಟ್. ಟೆಕ್ಸಸ್‌ನಲ್ಲಿ ಸಾವಿರಕ್ಕೂ ಜಾಸ್ತಿ. ನ್ಯೂಯಾರ್ಕ್ ನಗರದ ಡಿಸ್ಟ್ರಿಕ್ಟ್‌ನಲ್ಲಿ ಲಕ್ಷಗಟ್ಟಲೆ ಮಕ್ಕಳಿದ್ದರೆ, ಮೊಂಟಾನಾದ ಹುಲ್ಲುಗಾವಲಿನ ನಡುವೆ ಇನ್ನೂ ಒಂದೇ ಕೋಣೆಯ ಶಾಲೆಗಳಿವೆ. ಅಂಥ ಕಡೆ ಒಬ್ಬರೇ ಟೀಚರ್, ಬೇರೆ ಬೇರೆ ತರಗತಿಯ ಮಕ್ಕಳೆಲ್ಲ ಒಟ್ಟಿಗೆ ಕೂರುತ್ತಾರೆ.

‘ಚಿಕ್ಕದು’, ‘ಗ್ರಾಮೀಣ’ ಅನ್ನುವುದಕ್ಕೂ ಸರ್ಕಾರಿ ಅಳತೆ ಇದೆ. ಚಿಕ್ಕ ಹಳ್ಳಿ ಶಾಲೆಗಳಿಗೆಂದೇ ಇರುವ ಒಂದು ಕೇಂದ್ರ ಅನುದಾನ ಸಿಗಬೇಕಾದರೆ ಡಿಸ್ಟ್ರಿಕ್ಟ್ ಗ್ರಾಮೀಣ ಪ್ರದೇಶದಲ್ಲಿರಬೇಕು. ಜೊತೆಗೆ, ದಿನಕ್ಕೆ ಸರಾಸರಿ ಹಾಜರಿ 600 ಮಕ್ಕಳಿಗಿಂತ ಕಡಿಮೆ ಇರಬೇಕು, ಇಲ್ಲವೇ ಅದರ ಶಾಲೆಗಳಿರುವ ಕೌಂಟಿಯಲ್ಲಿ (ನಮ್ಮ ಜಿಲ್ಲೆಗೆ ಹತ್ತಿರದ್ದು ಇದು) ಒಂದು ಚದರ ಮೈಲಿಗೆ 10ಕ್ಕಿಂತ ಕಡಿಮೆ ಜನ ವಾಸವಿರಬೇಕು. 600 ಅಂದರೂ ಕಿಂಡರ್‌ಗಾರ್ಟನ್‌ನಿಂದ 12ನೇ ತರಗತಿವರೆಗೆ ಹಂಚಿದರೆ ಒಂದು ತರಗತಿಗೆ 46 ಮಕ್ಕಳು. ಇದು ‘ಚಿಕ್ಕ’ ಅನ್ನುವುದರ ಮೇಲಿನ ತುದಿ. ಕೆಳಗಿನ ತುದಿಯಲ್ಲಿ ತರಗತಿಗೆ ಹತ್ತು ಹನ್ನೆರಡು ಮಕ್ಕಳಿರುತ್ತಾರೆ.

ಯಾರು ಬರೆಸುತ್ತಾರೆ ಈ ಪರೀಕ್ಷೆ?

ಎಲ್ಲ ಮಕ್ಕಳಿಗೂ ಒಂದೇ ಮಟ್ಟದ ಪ್ರಶ್ನೆ, ಒಂದೇ ನಿಯಮ, ಒಂದೇ ರೀತಿಯ ಮೌಲ್ಯಮಾಪನ. ಹೀಗೆ ಬರೆಸುವುದನ್ನು ‘ಸ್ಟ್ಯಾಂಡರ್ಡೈಸ್ಡ್ ಟೆಸ್ಟ್’ ಅನ್ನುತ್ತಾರೆ. ಎಲ್ಲರ ಎತ್ತರವನ್ನೂ ಒಂದೇ ಟೇಪಿನಿಂದ ಅಳೆದ ಹಾಗೆ. ಒಬ್ಬೊಬ್ಬ ಟೀಚರ್ ಒಂದೊಂದು ಗೇಣಿನಿಂದ ಅಳೆದರೆ ಹೋಲಿಸುವುದಕ್ಕೆ ಆಗುವುದಿಲ್ಲ, ಅಲ್ವಾ?

ಕೇಂದ್ರ ಸರ್ಕಾರ ಶಾಲೆಗಳಿಗೆ ದೊಡ್ಡ ಮಟ್ಟದಲ್ಲಿ ಹಣ ಕೊಡಲು ಶುರು ಮಾಡಿದ್ದು 1965ರ ಕಾಯ್ದೆಯಿಂದ. ಅಧ್ಯಕ್ಷ ಲಿಂಡನ್ ಜಾನ್ಸನ್ ಅದಕ್ಕೆ ಸಹಿ ಹಾಕಿದ್ದು ವಾಷಿಂಗ್ಟನ್‌ನಲ್ಲಿ ಅಲ್ಲ. ಟೆಕ್ಸಸ್‌ನಲ್ಲಿ ತಾನು ಚಿಕ್ಕಂದಿನಲ್ಲಿ ಕಲಿತ ಒಂದು ಕೋಣೆಯ ಹಳ್ಳಿ ಶಾಲೆಯ ಅಂಗಳದಲ್ಲಿ, ತನಗೆ ಅಕ್ಷರ ಕಲಿಸಿದ ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು. ಹಣ ಬಂದ ಮೇಲೆ ಲೆಕ್ಕವೂ ಕೇಳಬೇಕಲ್ಲ! ಆ ಲೆಕ್ಕ ಬಿಗಿಯಾದದ್ದು 2002ರ ಜನವರಿಯಲ್ಲಿ, ಜಾರ್ಜ್ ಡಬ್ಲ್ಯು ಬುಷ್ ಸಹಿ ಹಾಕಿದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆಯಿಂದ. 3ರಿಂದ 8ನೇ ತರಗತಿವರೆಗೆ ಪ್ರತಿ ವರ್ಷ, ಹೈಸ್ಕೂಲಿನಲ್ಲಿ ಒಂದು ಸಲ, ಓದು ಮತ್ತು ಗಣಿತದ ಪರೀಕ್ಷೆ ಕಡ್ಡಾಯವಾಯಿತು. 2014ರ ಹೊತ್ತಿಗೆ ನೂರಕ್ಕೆ ನೂರು ಮಕ್ಕಳು ಮಟ್ಟ ಮುಟ್ಟಬೇಕು ಅನ್ನುವ ಗುರಿಯೂ ಅದರಲ್ಲಿತ್ತು. ಅದು ಆಗಲಿಲ್ಲ. 2015ರ ಡಿಸೆಂಬರ್‌ನಲ್ಲಿ ಬರಾಕ್ ಒಬಾಮ ಸಹಿ ಹಾಕಿದ ‘ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್’ ಕಾಯ್ದೆ ಆ ಗುರಿಯನ್ನು ಬಿಟ್ಟಿತು, ಪರೀಕ್ಷೆಯನ್ನು ಉಳಿಸಿಕೊಂಡಿತು. ಫಲಿತಾಂಶ ನೋಡಿ ಏನು ಮಾಡಬೇಕು ಅನ್ನುವುದನ್ನು ಹೆಚ್ಚಾಗಿ ರಾಜ್ಯಗಳಿಗೆ ಬಿಟ್ಟಿತು.

ಪರೀಕ್ಷೆ ಯಾವುದು ಅನ್ನುವುದೂ ಆಯಾ ರಾಜ್ಯದ ಆಯ್ಕೆ. ಟೆಕ್ಸಸ್‌ನದು ‘ಸ್ಟಾರ್’, ಮ್ಯಾಸಚೂಸೆಟ್ಸ್‌ನದು ‘ಎಂಕ್ಯಾಸ್’. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್‌ನಂಥ ಕೆಲವು ರಾಜ್ಯಗಳು ‘ಸ್ಮಾರ್ಟರ್ ಬ್ಯಾಲೆನ್ಸ್ಡ್’ ಎಂಬ ಒಂದೇ ಪರೀಕ್ಷೆಯನ್ನು ಹಂಚಿಕೊಂಡಿವೆ. ಇವು ಹೆಚ್ಚಿನ ಕಡೆ ಮಗುವನ್ನು ಪಾಸು ಫೇಲು ಮಾಡುವ ಪರೀಕ್ಷೆಗಳಲ್ಲ. ಇಲ್ಲಿ ನಿಜವಾಗಿ ಪರೀಕ್ಷೆಗೆ ಕೂರುವುದು ಶಾಲೆ.

ಗೆರೆಯ ಮೇಲೆ, ಗೆರೆಯ ಕೆಳಗೆ

‘ಶೇಕಡಾ 50’ ಅಂದಾಗ ನೂರಕ್ಕೆ ಐವತ್ತು ಅಂಕ ಬಂತು ಅಂದುಕೊಳ್ಳುವುದು ಸಹಜ. ಅದು ತಪ್ಪು. ಅಲ್ಲಿ ಮೂರು ಹೆಜ್ಜೆಗಳಿವೆ.

ಮಗು ಎಷ್ಟು ಪ್ರಶ್ನೆಗೆ ಸರಿಯುತ್ತರ ಕೊಟ್ಟಿತು, ಅವು ಎಷ್ಟು ಕಷ್ಟದವು ಅನ್ನುವುದನ್ನು ನೋಡಿ ಮೊದಲು ಒಂದು ‘ಸ್ಕೇಲ್ ಸ್ಕೋರ್’ ಕೊಡುತ್ತಾರೆ. ಈ ವರ್ಷದ ಪ್ರಶ್ನೆಪತ್ರಿಕೆ ಹೋದ ವರ್ಷದ್ದಕ್ಕಿಂತ ಸ್ವಲ್ಪ ಕಷ್ಟವಿದ್ದರೂ ಹೋಲಿಕೆ ಕೆಡಬಾರದು ಅನ್ನುವುದಕ್ಕೆ ಈ ಏರ್ಪಾಡು. ಆಮೇಲೆ ಆ ಅಳತೆಯ ಮೇಲೆ ಒಂದು ಗೆರೆ ಎಳೆಯುತ್ತಾರೆ. ಸಾಮಾನ್ಯವಾಗಿ ಅನುಭವಿ ಟೀಚರ್‌ಗಳ ಒಂದು ತಂಡ ಪ್ರಶ್ನೆಗಳನ್ನು ನೋಡಿ ‘ಇಷ್ಟು ಬಂದರೆ ಸಾಕು’ ಎಂದು ಶಿಫಾರಸು ಮಾಡುತ್ತದೆ, ರಾಜ್ಯ ಅದನ್ನು ಒಪ್ಪುತ್ತದೆ. ಕೊನೆಗೆ, ಆ ಗೆರೆ ಮುಟ್ಟಿದ ಮಕ್ಕಳು ಶೇಕಡಾ ಎಷ್ಟು ಎಂದು ಎಣಿಸುತ್ತಾರೆ. ಗೆರೆ ಮುಟ್ಟಿದವರಿಗೆ ‘ಪ್ರೊಫಿಷಿಯೆಂಟ್’ ಎಂಬ ಹೆಸರು. ಪತ್ರಿಕೆಯಲ್ಲಿ ಬರುವುದು ಈ ಕೊನೆಯ ಸಂಖ್ಯೆ.

ಜಾತ್ರೆಯ ದೊಡ್ಡ ತೊಟ್ಟಿಲ ಮುಂದೆ ‘ಈ ಗೆರೆಗಿಂತ ಎತ್ತರ ಇದ್ದವರಿಗೆ ಮಾತ್ರ’ ಎಂದು ಬೋರ್ಡು ಹಾಕಿರುತ್ತಾರಲ್ಲ, ಹಾಗೆ. ಎಷ್ಟು ಮಕ್ಕಳು ಒಳಗೆ ಹೋದರು ಅನ್ನುವುದು ಗೊತ್ತಾಗುತ್ತದೆ. ಯಾವ ಮಗು ಎಷ್ಟು ಎತ್ತರ ಅನ್ನುವುದು ಗೊತ್ತಾಗುವುದಿಲ್ಲ.

ಸ್ಮಾರ್ಟರ್ ಬ್ಯಾಲೆನ್ಸ್ಡ್ ಪರೀಕ್ಷೆಯಲ್ಲಿ ಮೂರನೇ ತರಗತಿ ಗಣಿತದ ಗೆರೆ 2436. ಒಂದು ಮಗು 2434 ಪಡೆದರೆ ಕೆಳಗೆ, ಪಕ್ಕದ ಮಗು 2437 ಪಡೆದರೆ ಮೇಲೆ. ಇಬ್ಬರ ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಏನೂ ಇಲ್ಲ. ಅದೇ ಮಗುವಿಗೆ ಮರುದಿನ ಮತ್ತೆ ಪರೀಕ್ಷೆ ಕೊಟ್ಟರೆ ಸ್ಕೋರು ಇದಕ್ಕಿಂತ ಜಾಸ್ತಿಯೇ ಆಚೀಚೆ ಆಗಬಹುದು. ಆದರೆ ಶೇಕಡಾ ಲೆಕ್ಕದಲ್ಲಿ ಒಂದು ಮಗು ‘ಹೌದು’, ಇನ್ನೊಂದು ‘ಇಲ್ಲ’. ತದ್ವಿರುದ್ಧವೂ ನಡೆಯುತ್ತದೆ. ತೀರಾ ಹಿಂದೆ ಬಿದ್ದಿದ್ದ ಮಗುವನ್ನು ಟೀಚರ್ ವರ್ಷವಿಡೀ ಕಷ್ಟಪಟ್ಟು ಮೇಲೆತ್ತಿ ಗೆರೆಯ ಹತ್ತಿರ ತಂದು ನಿಲ್ಲಿಸಿದರೆ, ಶೇಕಡಾ ಲೆಕ್ಕದಲ್ಲಿ ಆ ಶ್ರಮಕ್ಕೆ ಸಿಗುವುದು ಸೊನ್ನೆ.

ಗೆರೆಯೂ ಶಾಶ್ವತವಲ್ಲ. ವಿಸ್ಕಾನ್ಸಿನ್ ರಾಜ್ಯ 2024ರಲ್ಲಿ ಗೆರೆಗಳನ್ನೂ ಬದಲಿಸಿತು, ಮಟ್ಟಗಳ ಹೆಸರನ್ನೂ ಬದಲಿಸಿತು. ಹಾಗಾಗಿ 2023ರ ಶೇಕಡಾವನ್ನು 2024ರ ಶೇಕಡಾದ ಪಕ್ಕ ಇಟ್ಟು ‘ಏರಿತು’ ಅನ್ನುವಂತಿಲ್ಲ. ರಾಜ್ಯದಿಂದ ರಾಜ್ಯಕ್ಕೂ ಗೆರೆಯ ಎತ್ತರ ಬೇರೆ. ಒಂದು ರಾಜ್ಯದ ‘ಪ್ರೊಫಿಷಿಯೆಂಟ್’ ಮಗು ಪಕ್ಕದ ರಾಜ್ಯದಲ್ಲಿ ಹಾಗೆ ಅನ್ನಿಸಿಕೊಳ್ಳದೇ ಇರಬಹುದು.

ರಾಜ್ಯಗಳನ್ನು ಹೋಲಿಸುವುದಕ್ಕೆ ‘ನೇಪ್’ ಎಂಬ ರಾಷ್ಟ್ರೀಯ ಪರೀಕ್ಷೆ ಇದೆ. ಅದು 1969ರಿಂದ ನಡೆಯುತ್ತಿದೆ, ರಾಜ್ಯವಾರು ಫಲಿತಾಂಶ ಕೊಡಲು ಶುರು ಮಾಡಿದ್ದು 1990ರಲ್ಲಿ. ಅದನ್ನು ಎಲ್ಲ ಮಕ್ಕಳೂ ಬರೆಯುವುದಿಲ್ಲ. ಪಾತ್ರೆಯಿಂದ ಒಂದು ಚಮಚ ತೆಗೆದು ರುಚಿ ನೋಡುವ ಹಾಗೆ, ಅಲ್ಲೊಂದು ಇಲ್ಲೊಂದು ಶಾಲೆಯಿಂದ ಆರಿಸಿದ ಮಕ್ಕಳು ಮಾತ್ರ. ಅದರಲ್ಲಿ ನಿಮ್ಮ ಹಳ್ಳಿ ಶಾಲೆಯ ಫಲಿತಾಂಶ ಹುಡುಕಬೇಡಿ, ಸಿಗುವುದಿಲ್ಲ. ಕೆಲವು ದೊಡ್ಡ ನಗರಗಳನ್ನು ಬಿಟ್ಟರೆ ಡಿಸ್ಟ್ರಿಕ್ಟ್ ಮಟ್ಟದ ಫಲಿತಾಂಶವನ್ನೇ ಅದು ಕೊಡುವುದಿಲ್ಲ.

ಹನ್ನೆರಡು ನಾಣ್ಯ ಚಿಮ್ಮಿ ನೋಡಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಹನ್ನೆರಡು ಮಕ್ಕಳ ತರಗತಿಯಲ್ಲಿ ಒಂದು ಮಗು ಅಂದರೆ 8.3 ಪಾಯಿಂಟ್. ಒಂದು ಮಗುವಿಗೆ ಅವತ್ತು ಜ್ವರ, ಇನ್ನೊಂದು ಮಗುವಿನ ಮನೆಯಲ್ಲಿ ಹಿಂದಿನ ರಾತ್ರಿ ಜಗಳ. ಅಲ್ಲಿಗೆ 17 ಪಾಯಿಂಟ್ ಮುಗಿಯಿತು. ಮೂರನೇ ತರಗತಿಯಲ್ಲಿ 6,000 ಮಕ್ಕಳಿರುವ ನಗರದಲ್ಲಿ ಇದೇ 17 ಪಾಯಿಂಟ್ ಬೀಳಬೇಕಾದರೆ ಸಾವಿರ ಮಕ್ಕಳು ಗೆರೆಯ ಕೆಳಗೆ ಬರಬೇಕು. ಸಾವಿರ ಮಕ್ಕಳಿಗೆ ಒಟ್ಟಿಗೆ ಜ್ವರ ಬರುವುದಿಲ್ಲ. ಅಲ್ಲಿ ಏನೋ ಆಗಿದೆ ಎಂದೇ ಅರ್ಥ.

ಕೈಯಾರೆ ಮಾಡಿ ನೋಡಬಹುದಾದ ಒಂದು ಪ್ರಯೋಗ ಇದೆ. ಹನ್ನೆರಡು ನಾಣ್ಯಗಳನ್ನು ಚಿಮ್ಮಿ. ತಲೆ ಎಷ್ಟು ಬಿತ್ತು, ಬರೆದಿಡಿ. ಅದೇ ನಾಣ್ಯಗಳನ್ನು ಮತ್ತೆ ಚಿಮ್ಮಿ. ಎರಡು ಸಲದ ನಡುವೆ ಎರಡು ಅಥವಾ ಅದಕ್ಕಿಂತ ಜಾಸ್ತಿ ತಲೆಗಳ ವ್ಯತ್ಯಾಸ ಬರುವ ಸಾಧ್ಯತೆ ಎಷ್ಟು ಗೊತ್ತಾ? ನೂರಕ್ಕೆ 54. ಅಂದರೆ ನಾಣ್ಯ ಬದಲಾಗಿಲ್ಲ, ಕೈ ಬದಲಾಗಿಲ್ಲ, ಆದರೂ ಅರ್ಧಕ್ಕಿಂತ ಹೆಚ್ಚು ಸಲ ‘17 ಪಾಯಿಂಟ್ ಕುಸಿತ’ ಅಥವಾ ‘17 ಪಾಯಿಂಟ್ ಏರಿಕೆ’ ಎಂದು ಸುದ್ದಿ ಬರೆಯಬಹುದು. ಬರೆಯುವವರಿಗೆ ಪ್ರತಿ ವರ್ಷ ಕೆಲಸ ಸಿಕ್ಕ ಹಾಗೆ.

ಮಕ್ಕಳು ನಾಣ್ಯಗಳಾ ಎಂದು ಕೇಳಬಹುದು. ಖಂಡಿತ ಅಲ್ಲ. ಆದರೆ ಒಂದು ಚಿಕ್ಕ ಊರಿನಲ್ಲಿ ಒಂದು ವರ್ಷ ಯಾವ ಹನ್ನೆರಡು ಮಕ್ಕಳು ಒಂದೇ ತರಗತಿಗೆ ಸೇರುತ್ತಾರೆ ಅನ್ನುವುದು ಅದೃಷ್ಟದ ಆಟವೇ. ಒಂದು ವರ್ಷ ಲೆಕ್ಕದಲ್ಲಿ ಚುರುಕಾದ ನಾಲ್ವರು ಒಟ್ಟಿಗೆ ಬರುತ್ತಾರೆ. ಮುಂದಿನ ವರ್ಷ ಒಬ್ಬರೂ ಇಲ್ಲ. ಅದರಲ್ಲಿ ಶಾಲೆಯ ಪಾತ್ರ ಏನೂ ಇಲ್ಲ.

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಹಳೆಯ ನಿಯಮವಿದೆ. ಈ ಅಲುಗಾಟ ಕಡಿಮೆಯಾಗುವುದು ಮಕ್ಕಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕ ಹಾಗೆ. ಅಲುಗಾಟ ಅರ್ಧ ಆಗಬೇಕಾದರೆ ಮಕ್ಕಳು ನಾಲ್ಕು ಪಟ್ಟು ಆಗಬೇಕು. ನಿಜವಾದ ಮಟ್ಟ ಶೇಕಡಾ 50 ಎಂದಿಟ್ಟುಕೊಂಡರೆ, 16 ಮಕ್ಕಳ ತರಗತಿಯಲ್ಲಿ ಸಾಮಾನ್ಯವಾಗಿ ಹನ್ನೆರಡೂವರೆ ಪಾಯಿಂಟ್‌ವರೆಗೆ ಆಚೀಚೆ ಓಲಾಡುತ್ತದೆ. 100 ಮಕ್ಕಳಿದ್ದರೆ 5, 400 ಇದ್ದರೆ ಎರಡೂವರೆ. ಲೋಟದ ನೀರಿಗೆ ಒಂದು ಚಿಟಿಕೆ ಉಪ್ಪು ಬಿದ್ದರೆ ಬಾಯಿಗೆ ಗೊತ್ತಾಗುತ್ತದೆ, ಹಂಡೆಯ ನೀರಿಗೆ ಬಿದ್ದರೆ ಇಲ್ಲ.

ಇದರಿಂದ ಒಂದು ವಿಚಿತ್ರ ನಡೆಯುತ್ತದೆ. ಶಾಲೆಗಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಚಿಕ್ಕ ಶಾಲೆಗಳು ಮೇಲಿನ ತುದಿಯಲ್ಲೂ ತುಂಬಿರುತ್ತವೆ, ಕೆಳಗಿನ ತುದಿಯಲ್ಲೂ ತುಂಬಿರುತ್ತವೆ. 2007ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಪೆನ್ಸಿಲ್ವೇನಿಯಾದ 1,662 ಶಾಲೆಗಳ 5ನೇ ತರಗತಿ ಓದಿನ ಅಂಕಗಳನ್ನು ನೋಡಿತ್ತು. ಅತಿ ಚಿಕ್ಕ 50 ಶಾಲೆಗಳಲ್ಲಿ ಆರು, ಮೊದಲ 50 ಸ್ಥಾನಗಳಲ್ಲಿದ್ದವು. ಒಂಬತ್ತು ಶಾಲೆಗಳು ಕೊನೆಯ 50ರಲ್ಲಿದ್ದವು. ಗಾತ್ರಕ್ಕೂ ಸ್ಥಾನಕ್ಕೂ ಸಂಬಂಧವೇ ಇಲ್ಲದಿದ್ದರೆ ಎರಡೂ ಕಡೆ ಒಂದೆರಡು ಇರಬೇಕಿತ್ತು. ಮೇಲಿನ ಪಟ್ಟಿ ಮಾತ್ರ ನೋಡಿದವರು ‘ಚಿಕ್ಕ ಶಾಲೆಯೇ ಒಳ್ಳೆಯದು’ ಅನ್ನುತ್ತಾರೆ. ಕೆಳಗಿನದ್ದು ಮಾತ್ರ ನೋಡಿದವರು ‘ಚಿಕ್ಕ ಶಾಲೆ ಮುಚ್ಚಿ’ ಅನ್ನುತ್ತಾರೆ. ಇಬ್ಬರ ಕಣ್ಣಿಗೂ ಬಿದ್ದದ್ದು ಬಹುಪಾಲು ಒಂದೇ ಅಲುಗಾಟ.

ಇದರ ಜೊತೆಗೇ ಬರುವ ಇನ್ನೊಂದು ಮೋಸ ಇದೆ. ಒಂದು ವರ್ಷ ತೀರಾ ಕೆಳಗೆ ಬಿದ್ದ ಚಿಕ್ಕ ಶಾಲೆ ಮುಂದಿನ ವರ್ಷ ತಾನಾಗಿಯೇ ಸ್ವಲ್ಪ ಮೇಲೆ ಬರುತ್ತದೆ, ಯಾಕೆಂದರೆ ಕೆಟ್ಟ ಅದೃಷ್ಟ ಸತತವಾಗಿ ಬರುವುದು ಅಪರೂಪ. ಆ ನಡುವೆ ಯಾರಾದರೂ ಹೊಸ ಪಠ್ಯಕ್ರಮವನ್ನೋ ಹೊಸ ಪ್ರಿನ್ಸಿಪಾಲರನ್ನೋ ತಂದಿದ್ದರೆ ಹೆಸರೆಲ್ಲ ಅವರಿಗೆ. ಒಂದು ವರ್ಷ ಮಿಂಚಿದ ಶಾಲೆ ಮರುವರ್ಷ ಕೆಳಗಿಳಿದರೆ ‘ಪ್ರಶಸ್ತಿ ಸಿಕ್ಕ ಮೇಲೆ ಸೋಮಾರಿಗಳಾದರು’ ಎಂಬ ಮಾತು. ಎರಡೂ ಕಡೆ ಆಗಿದ್ದು ಅಂಕ ತನ್ನ ಸಹಜ ಜಾಗಕ್ಕೆ ವಾಪಸು ಬಂದದ್ದಷ್ಟೇ ಇರಬಹುದು.

ಸಂಖ್ಯೆಯ ಜಾಗದಲ್ಲಿ ನಕ್ಷತ್ರ ಯಾಕೆ?

ರಾಜ್ಯದ ಫಲಿತಾಂಶ ಪಟ್ಟಿಯಲ್ಲಿ ಚಿಕ್ಕ ಡಿಸ್ಟ್ರಿಕ್ಟ್ ಹುಡುಕಿದರೆ ಎಷ್ಟೋ ಕಡೆ ಸಂಖ್ಯೆಯ ಬದಲು ಒಂದು ನಕ್ಷತ್ರ ಚಿಹ್ನೆ ಇರುತ್ತದೆ. ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಬರುವುದು ಸಹಜ. ಮುಚ್ಚಿಡುತ್ತಿರುವುದು ನಿಜ, ಆದರೆ ಅದು ಮಕ್ಕಳನ್ನು ಕಾಪಾಡುವುದಕ್ಕೆ. 1974ರಿಂದ ಜಾರಿಯಲ್ಲಿರುವ ಒಂದು ಕೇಂದ್ರ ಕಾಯ್ದೆಯ ಪ್ರಕಾರ ಒಂದು ಮಗುವಿನ ಶಾಲಾ ದಾಖಲೆ ಸಿಕ್ಕಸಿಕ್ಕವರಿಗೆ ತಿಳಿಯುವಂತಿಲ್ಲ. ತರಗತಿಯಲ್ಲಿ ಮೂವರೇ ಇದ್ದು ‘ಶೇಕಡಾ 0’ ಎಂದು ಬರೆದರೆ, ಆ ಮೂರು ಮನೆಗಳ ಮಕ್ಕಳ ಹಣೆಬರಹ ಇಡೀ ಊರಿಗೆ ಗೊತ್ತಾಯಿತು.

ಅದಕ್ಕೇ ಪ್ರತಿ ರಾಜ್ಯವೂ ಒಂದು ಕನಿಷ್ಠ ಸಂಖ್ಯೆ ಇಟ್ಟುಕೊಳ್ಳುತ್ತದೆ. ಅದು ಹೆಚ್ಚಾಗಿ 10ರಿಂದ 30ರೊಳಗೆ ಇರುತ್ತದೆ. ಗುಂಪು ಅದಕ್ಕಿಂತ ಚಿಕ್ಕದಾದರೆ ಫಲಿತಾಂಶ ತೋರಿಸುವುದಿಲ್ಲ, ಅಥವಾ ಶಾಲೆಯ ಮೌಲ್ಯಮಾಪನಕ್ಕೆ ಸೇರಿಸುವುದಿಲ್ಲ. ಎಲ್ಲ ಮಕ್ಕಳೂ ಗೆರೆ ಮುಟ್ಟಿದಾಗಲೂ ಕೆಲವು ಕಡೆ ನೇರವಾಗಿ 100 ಎಂದು ಬರೆಯದೆ ‘95ಕ್ಕಿಂತ ಜಾಸ್ತಿ’ ಎಂದಷ್ಟೇ ಹಾಕುತ್ತಾರೆ.

ಇದಕ್ಕೆ ಒಂದು ಬೆಲೆಯೂ ಇದೆ. ಬಡ ಕುಟುಂಬದ ಮಕ್ಕಳು, ವಿಶೇಷ ಅಗತ್ಯವಿರುವ ಮಕ್ಕಳು, ಇಂಗ್ಲಿಷ್ ಹೊಸದಾಗಿ ಕಲಿಯುತ್ತಿರುವ ಮಕ್ಕಳು, ಹೀಗೆ ಬೇರೆ ಬೇರೆ ಗುಂಪುಗಳ ಕಲಿಕೆಯನ್ನು ಪ್ರತ್ಯೇಕವಾಗಿ ನೋಡಬೇಕು ಅನ್ನುವುದು ಪರೀಕ್ಷೆಯ ಕಾಯ್ದೆಯ ಆಶಯ. ಚಿಕ್ಕ ಡಿಸ್ಟ್ರಿಕ್ಟ್‌ನಲ್ಲಿ ಇಂಥ ಒಂದೊಂದು ಗುಂಪಿನಲ್ಲಿ ಇರುವುದೇ ಮೂರೋ ನಾಲ್ಕೋ ಮಕ್ಕಳು. ಅವರು ವರ್ಷ ವರ್ಷವೂ ನಕ್ಷತ್ರದ ಹಿಂದೆಯೇ ಉಳಿಯುತ್ತಾರೆ. ಅವರು ಹಿಂದೆ ಬಿದ್ದರೂ ಹೊರಗಿನವರಿಗೆ ಕಾಣುವುದಿಲ್ಲ. ನನಗೆ ಕೇಳಿದರೆ, ಚಿಕ್ಕ ಶಾಲೆಯ ಫಲಿತಾಂಶದಲ್ಲಿ ಏರಿಳಿತಕ್ಕಿಂತ ಹೆಚ್ಚು ಗಮನ ಕೊಡಬೇಕಾದ ತೊಂದರೆ ಇದು.

ಹಾಜರಿಯ ಲೆಕ್ಕವೂ ಹೀಗೇ ಕಾಡುತ್ತದೆ. ಕನಿಷ್ಠ ಶೇಕಡಾ 95 ಮಕ್ಕಳು ಪರೀಕ್ಷೆ ಬರೆಯಬೇಕು ಅನ್ನುವುದು ಕೇಂದ್ರದ ನಿಯಮ. ಪರೀಕ್ಷೆ ಬರೆಯಬೇಕಾದವರು 19 ಮಕ್ಕಳಿದ್ದರೆ, ಒಂದು ಮಗು ಬರದಿದ್ದರೂ ಹಾಜರಿ 94.7ಕ್ಕೆ ಇಳಿಯುತ್ತದೆ. ಒಂದು ಕುಟುಂಬ ‘ನಮ್ಮ ಮಗುವಿಗೆ ಪರೀಕ್ಷೆ ಬೇಡ’ ಎಂದರೆ ಸಾಕು.

ಈ ವರ್ಷದವರು ಹೋದ ವರ್ಷದವರಲ್ಲ

ಸುದ್ದಿಗೆ ಮತ್ತೆ ಹೋಗಿ. ‘ಮೂರನೇ ತರಗತಿ 67ರಿಂದ 50ಕ್ಕೆ ಇಳಿಯಿತು’. ಹೋದ ವರ್ಷ ಮೂರನೇ ತರಗತಿಯಲ್ಲಿದ್ದವರು ಈಗ ನಾಲ್ಕನೆಯಲ್ಲಿದ್ದಾರೆ. ಈ 50 ಬೇರೆಯೇ ಮಕ್ಕಳದ್ದು. ಅಣ್ಣನ ಎತ್ತರವನ್ನು ಹೋದ ವರ್ಷ ಅಳೆದು, ಈ ವರ್ಷ ತಮ್ಮನನ್ನು ಅಳೆದು, ‘ಹುಡುಗ ಕುಳ್ಳಗಾದ’ ಎಂದ ಹಾಗಾಯಿತು.

ಒಂದೇ ಮಕ್ಕಳನ್ನು ಹಿಂಬಾಲಿಸಿ, ಹೋದ ವರ್ಷದಿಂದ ಈ ವರ್ಷಕ್ಕೆ ಎಷ್ಟು ಮುಂದೆ ಬಂದರು ಎಂದು ನೋಡುವುದು ಇದಕ್ಕಿಂತ ನ್ಯಾಯವಾದ ದಾರಿ. ಇದನ್ನು ‘ಗ್ರೋತ್’, ಅಂದರೆ ಬೆಳವಣಿಗೆ ಅನ್ನುತ್ತಾರೆ. ಈಗ ಬಹುತೇಕ ರಾಜ್ಯಗಳು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ದೇಶದ ಸಾವಿರಾರು ಡಿಸ್ಟ್ರಿಕ್ಟ್‌ಗಳ ಅಂಕಗಳನ್ನು ಒಂದೇ ಅಳತೆಗೆ ತಂದು ಹೋಲಿಸಿದಾಗ ಒಂದು ವಿಷಯ ಎದ್ದು ಕಂಡಿತು. ಸರಾಸರಿ ಅಂಕ ಹೆಚ್ಚಿನ ಮಟ್ಟಿಗೆ ಆ ಊರಿನ ಕುಟುಂಬಗಳ ಆದಾಯ, ಓದಿನ ಹಿನ್ನೆಲೆಯ ಜೊತೆಯೇ ಏರಿಳಿಯುತ್ತದೆ. ಬೆಳವಣಿಗೆಗೆ ಆ ನಂಟು ಅಷ್ಟು ಗಟ್ಟಿಯಾಗಿಲ್ಲ. ಅಂಕ ಕಡಿಮೆ ಇರುವ ಬಡ ಊರಿನ ಶಾಲೆಯೂ ಮಕ್ಕಳನ್ನು ಚೆನ್ನಾಗಿ ಮುಂದೆ ತರುತ್ತಿರಬಹುದು. ಸರಾಸರಿ ಅಂಕ ಮಾತ್ರ ನೋಡಿದರೆ ಅದು ಕಾಣುವುದಿಲ್ಲ.

ಆದರೆ ಚಿಕ್ಕ ಶಾಲೆಯಲ್ಲಿ ಬೆಳವಣಿಗೆಯ ಲೆಕ್ಕಕ್ಕೂ ಅಲುಗಾಟ ತಪ್ಪಿದ್ದಲ್ಲ. ಹನ್ನೆರಡು ಮಕ್ಕಳಲ್ಲಿ ಇಬ್ಬರ ಅಪ್ಪ ಅಮ್ಮ ಬೇರೆ ಊರಿಗೆ ಹೋದರು, ಹೊಸದಾಗಿ ಮೂವರು ಬಂದರು ಎಂದರೆ ಎರಡೂ ವರ್ಷ ಇದ್ದವರು ಹತ್ತೇ ಮಂದಿ.

ಹಾಗಾದರೆ ಹಳ್ಳಿ ಅನ್ನುವುದು ಲೆಕ್ಕಕ್ಕೇ ಇಲ್ಲವಾ?

ಇದೆ. ಎಲ್ಲವನ್ನೂ ಅದೃಷ್ಟದ ತಲೆಗೆ ಕಟ್ಟುವುದೂ ಸರಿಯಲ್ಲ. ಆದರೆ ‘ಹಳ್ಳಿ ಶಾಲೆ ಅಂದರೆ ಕೆಳಮಟ್ಟ’ ಅನ್ನುವ ಮಾತಿಗೆ ಅಂಕಿ ಅಂಶದ ಬೆಂಬಲ ಇಲ್ಲ. ನೇಪ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಮುಂದೆ ಇರುವುದು ನಗರದ ಅಂಚಿನ ಬಡಾವಣೆಗಳ ಮಕ್ಕಳು. ಹಳ್ಳಿ ಮಕ್ಕಳು ನಡುವೆ. ದೊಡ್ಡ ನಗರಗಳ ಮಕ್ಕಳು ಅವರ ಹಿಂದೆ.

ಹಳ್ಳಿ ಹಳ್ಳಿಗೂ ವ್ಯತ್ಯಾಸ ಬಹಳ. ಸರ್ಕಾರವೇ ಅವುಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ನಗರ ಪ್ರದೇಶದಿಂದ 5 ಮೈಲಿಯೊಳಗೆ ಇರುವವು, 5ರಿಂದ 25 ಮೈಲಿ ಇರುವವು, 25 ಮೈಲಿಗಿಂತ ಆಚೆ ಇರುವವು. ಕೊನೆಯ ಬಗೆಯ ಹಳ್ಳಿಗೆ ಗಣಿತದ ಟೀಚರ್ ಸಿಗುವುದೇ ಕಷ್ಟ. ಸಿಕ್ಕರೂ ಒಬ್ಬರೇ ಹಲವು ತರಗತಿಗೆ ಪಾಠ ಮಾಡುತ್ತಾರೆ, ಸಂಜೆ ಬಾಸ್ಕೆಟ್‌ಬಾಲ್ ಕೋಚೂ ಅವರೇ. ಆ ಒಬ್ಬರು ಕೆಲಸ ಬಿಟ್ಟರೆ ಡಿಸ್ಟ್ರಿಕ್ಟ್‌ನ ಇಡೀ ಗಣಿತ ವಿಭಾಗವೇ ಹೋದ ಹಾಗೆ. ಇದು ಅಲುಗಾಟ ಅಲ್ಲ, ನಿಜವಾದ ಪೆಟ್ಟು. ಟೀಚರ್‌ಗಳನ್ನು ಸೆಳೆಯುವುದಕ್ಕೆ, ಬಸ್ಸಿನ ಖರ್ಚು ಉಳಿಸುವುದಕ್ಕೆ ಎಂದು ನೂರಾರು ಡಿಸ್ಟ್ರಿಕ್ಟ್‌ಗಳು ವಾರಕ್ಕೆ ನಾಲ್ಕೇ ದಿನ ಶಾಲೆ ನಡೆಸುತ್ತಿವೆ. ಅವುಗಳಲ್ಲಿ ಬಹುಪಾಲು ಹಳ್ಳಿಯವೇ.

ಕೋವಿಡ್ ಪೆಟ್ಟು ಎಲ್ಲರಿಗೂ ಬಿತ್ತು. 2020ರ ಪರೀಕ್ಷೆಗಳೇ ರದ್ದಾದವು. ಅದಕ್ಕೇ ಹಳೆಯ ಗ್ರಾಫ್‌ಗಳಲ್ಲಿ ಆ ವರ್ಷದ ಜಾಗ ಖಾಲಿ. 2019ರಿಂದ 2022ಕ್ಕೆ ನೇಪ್‌ನ 8ನೇ ತರಗತಿ ಗಣಿತದ ರಾಷ್ಟ್ರೀಯ ಸರಾಸರಿ 8 ಪಾಯಿಂಟ್ ಬಿತ್ತು, 282ರಿಂದ 274ಕ್ಕೆ (ಇದು ಶೇಕಡಾ ಅಲ್ಲ, ಸ್ಕೇಲ್ ಸ್ಕೋರ್). 2024ರಲ್ಲೂ ಅದು ಮೇಲೇಳಲಿಲ್ಲ. ನಿಮ್ಮ ಊರಿನ ಅಂಕ 2019ಕ್ಕಿಂತ ಕೆಳಗಿದೆ ಎಂದಾದರೆ, ಇಡೀ ದೇಶದ್ದೂ ಕೆಳಗಿದೆ ಅನ್ನುವುದು ನೆನಪಿರಲಿ.

ಸ್ಕೂಲ್ ಬೋರ್ಡ್ ಸಭೆಯಲ್ಲಿ ಏನು ಕೇಳಬಹುದು?

ಮೊದಲ ಪ್ರಶ್ನೆ: ಎಷ್ಟು ಮಕ್ಕಳು? ಶೇಕಡಾ ಬಿಟ್ಟು ತಲೆ ಎಣಿಸಿ ಹೇಳಿ ಎಂದು ಕೇಳಿ. ‘12ರಲ್ಲಿ 6’ ಎಂದಾಗ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ.

ಎರಡನೆಯದು, ಮೂರು ವರ್ಷಗಳನ್ನು ಒಟ್ಟು ಸೇರಿಸಿದರೆ ಎಷ್ಟು ಬರುತ್ತದೆ? ಚಿಕ್ಕ ಶಾಲೆಗಳ ವಿಷಯದಲ್ಲಿ ಕೆಲವು ರಾಜ್ಯಗಳೂ ಹೀಗೆ ಸೇರಿಸಿ ನೋಡುತ್ತವೆ. ಹನ್ನೆರಡರ ಬದಲು 36 ಮಕ್ಕಳಾದರೆ ಅಲುಗಾಟ 14 ಪಾಯಿಂಟ್‌ನಿಂದ 8ಕ್ಕೆ ಇಳಿಯುತ್ತದೆ. ಪೂರ್ತಿ ಹೋಗುವುದಿಲ್ಲ, ಆದರೆ ಚಿತ್ರ ಸ್ವಲ್ಪ ನಿಲ್ಲುತ್ತದೆ. ಶೇಕಡಾದ ಬದಲು ಸರಾಸರಿ ಸ್ಕೇಲ್ ಸ್ಕೋರ್ ಕೇಳಿದರೆ ಇನ್ನೂ ಒಳ್ಳೆಯದು. ಗೆರೆಯ ಹತ್ತಿರ ಇದ್ದವರು ಆಚೀಚೆ ಜಿಗಿದದ್ದರಿಂದ ಅದು ಅಷ್ಟಾಗಿ ಕುಣಿಯುವುದಿಲ್ಲ.

ನಿಜವಾಗಿ ಚಿಂತೆ ಮಾಡಬೇಕಾದದ್ದು ಯಾವಾಗ? ಮೂರು ನಾಲ್ಕು ವರ್ಷ ಸತತವಾಗಿ ಇಳಿದಾಗ. ಒಂದೇ ತರಗತಿಯಲ್ಲದೆ ಹಲವು ತರಗತಿಗಳಲ್ಲಿ ಒಟ್ಟಿಗೆ ಇಳಿದಾಗ. ಅಥವಾ ಯಾವುದೇ ವರ್ಷದ ಮಕ್ಕಳಾದರೂ ಒಂದೇ ಜಾಗದಲ್ಲಿ ಎಡವುತ್ತಿದ್ದರೆ. ಪ್ರತಿ ವರ್ಷ ಭಿನ್ನರಾಶಿಯಲ್ಲೇ ಎಲ್ಲರೂ ಸಿಕ್ಕಿಬೀಳುತ್ತಿದ್ದಾರೆ ಎಂದರೆ ಅದು ಮಕ್ಕಳ ಅದೃಷ್ಟವಲ್ಲ, ಆ ಪಾಠವನ್ನು ಹೇಗೆ ಹೇಳಿಕೊಡುತ್ತಿದ್ದಾರೆ ಎಂದು ನೋಡಬೇಕು.

ಇನ್ನು ಮನೆಗೆ ಬರುವ ಮಗುವಿನ ಸ್ವಂತ ವರದಿ. ಊರಿನ ಶೇಕಡಾಕ್ಕಿಂತ ಅದು ಎಷ್ಟೋ ಹೆಚ್ಚು ಹೇಳುತ್ತದೆ. ಅದರಲ್ಲಿ ಸ್ಕೋರಿನ ಜೊತೆ ಸಾಮಾನ್ಯವಾಗಿ ಒಂದು ಚಿಕ್ಕ ಪಟ್ಟಿ ಇರುತ್ತದೆ, ‘ನಿಜವಾದ ಮಟ್ಟ ಇದರ ನಡುವೆ ಎಲ್ಲೋ ಇದೆ’ ಎಂದು. ಆ ಪಟ್ಟಿ ಗೆರೆಯ ಎರಡೂ ಬದಿಗೆ ಚಾಚಿದ್ದರೆ ಮಗು ಗೆರೆಯ ಮೇಲಿದೆಯಾ ಕೆಳಗಿದೆಯಾ ಎಂದು ಖಚಿತವಾಗಿ ಹೇಳುವಂತಿಲ್ಲ. ‘ಪರ್ಸೆಂಟೈಲ್’ ಎಂಬ ಪದ ಕಂಡರೆ ಹುಷಾರು. 60ನೇ ಪರ್ಸೆಂಟೈಲ್ ಅಂದರೆ ನೂರಕ್ಕೆ 60 ಅಂಕ ಅಲ್ಲ. ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 60 ಮಕ್ಕಳು ಇವನ ಹಿಂದೆ ಎಂದರ್ಥ. ಹಲವು ಶಾಲೆಗಳು ವರ್ಷದಲ್ಲಿ ಮೂರು ಸಲ ‘ಮ್ಯಾಪ್ ಗ್ರೋತ್’ನಂಥ ಚಿಕ್ಕ ಪರೀಕ್ಷೆಗಳನ್ನೂ ಕೊಡುತ್ತವೆ. ರಾಜ್ಯ ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಮಗು ಮುಂದಿನ ತರಗತಿಗೆ ಹೋಗಿರುತ್ತದೆ, ಇವು ಹಾಗಲ್ಲ.

ಹನ್ನೆರಡು ಮಕ್ಕಳ ತರಗತಿಯ ಟೀಚರ್‌ಗೆ ಯಾವ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅನ್ನುವುದು ಪರೀಕ್ಷೆಗಿಂತ ಮೊದಲೇ ಗೊತ್ತಿರುತ್ತದೆ. ಅವರಿಗೆ ಗೊತ್ತಿರದೇ ಇರಬಹುದಾದದ್ದು ಒಂದೇ. ಪಕ್ಕದಲ್ಲಿ ಹೋಲಿಸುವುದಕ್ಕೆ ಇನ್ನೊಂದು ಸೆಕ್ಷನ್ ಇಲ್ಲ, ಅದೇ ತರಗತಿಗೆ ಪಾಠ ಮಾಡುವ ಇನ್ನೊಬ್ಬ ಟೀಚರ್ ಇಲ್ಲ. ‘ನಮ್ಮಲ್ಲಿ ಚೆನ್ನಾಗಿದೆ’ ಅನ್ನಿಸಿಕೊಳ್ಳುವ ಮಗು ಹೊರಗಿನ ಅಳತೆಯಲ್ಲಿ ಎಲ್ಲಿದೆ? ಅದನ್ನು ಹೇಳುವುದು ಒಂದೊಂದು ಮಗುವಿನ ಸ್ಕೋರು. ಪತ್ರಿಕೆಯಲ್ಲಿ ಬಂದ ಆ 17 ಪಾಯಿಂಟ್‌ನಲ್ಲಿ ಈ ಉತ್ತರ ಇಲ್ಲ. ಆ ಇಬ್ಬರು ಮಕ್ಕಳು 2434ರಲ್ಲಿ ನಿಂತಿದ್ದರಾ, 2350ರಲ್ಲಿ ನಿಂತಿದ್ದರಾ ಅನ್ನುವುದು ಟೀಚರ ಮೇಜಿನ ಮೇಲಿರುವ ಹಾಳೆಯಲ್ಲಿದೆ.